ಆಟದ ವಿಮಾನ ಎಲ್ಲಿ ಇಳಿಯುತ್ತದೆ?

ವರ್ಷವರ್ಷವೂ ಜನವರಿಯ ಆರಂಭದಲ್ಲಿ ನಾಂಪಲ್ಲಿಯ ಪ್ರದರ್ಶನ ಮೈದಾನದಲ್ಲಿ ‘ನುಮಾಯಿಷ್’ ತೆರೆಯಿತೆಂದರೆ ಹೈದರಾಬಾದಿನ ಮಕ್ಕಳಿಗೆ ಅದೊಂದು ಹಬ್ಬ. 1938ರಲ್ಲಿ ಸಣ್ಣ ಪ್ರಮಾಣದಲ್ಲಿ ಮೊದಲಾದ ಈ ಅಖಿಲ ಭಾರತ ಔದ್ಯೋಗಿಕ ಪ್ರದರ್ಶನವು ಈಗ ಸುಮಾರು ಒಂದೂವರೆ ತಿಂಗಳ ಕಾಲ ನಡೆಯುತ್ತದೆ. ದೊಡ್ಡವರು ಶಾಲು, ಜಮಖಾನೆಗಳ ಬೆಲೆ ಕೇಳುತ್ತಿರುವಾಗ ಮಕ್ಕಳ ಕಣ್ಣು ಆಟಿಕೆಯ ಅಂಗಡಿಗಳ ಮೇಲಿರುತ್ತದೆ. ಅಲ್ಲಿ ಕೈಯಿಂದ ಎಸೆಯುವ ಫೋಮ್ ವಿಮಾನ, ರಬ್ಬರು ಸುತ್ತಿ ಬಿಡುವ ವಿಮಾನ, ಪಿಸ್ತೂಲಿನಂತಹ ಹಿಡಿಯಿಂದ ಚಿಮ್ಮುವ ವಿಮಾನ, ವಿದ್ಯುತ್ಕೋಶದಿಂದ ಗಿರ್ರನೆ ಮೇಲೇಳುವ ಹೆಲಿಕಾಪ್ಟರ್ ಇವೆಲ್ಲವೂ ಸಾಲುಸಾಲಾಗಿ ತೂಗುತ್ತಿರುತ್ತವೆ. ತಂದೆ ಕೇಳುವ ಪ್ರಶ್ನೆ ಎರಡೇ: “ಬೆಲೆಯೆಷ್ಟು? ಹಾರುತ್ತದೆಯೇ?” ಅಂಗಡಿಯವನು ಒಂದನ್ನು ಎಸೆದು ತೋರಿಸುತ್ತಾನೆ, ವ್ಯಾಪಾರ ಮುಗಿಯುತ್ತದೆ. ಇದನ್ನು ನಾವು ಎಲ್ಲಿ ಹಾರಿಸುತ್ತೇವೆ, ಹಾರಿದ ಮೇಲೆ ಅದು ಎಲ್ಲಿ ಇಳಿಯುತ್ತದೆ ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಮಗುವಿಗೆ ಕೇಡು ಬರುವುದಿದ್ದರೆ ಬಹುತೇಕ ಆ ಕೇಳದ ಪ್ರಶ್ನೆಯಿಂದಲೇ ಬರುತ್ತದೆಯೆಂಬುದು ನಮ್ಮ ಅಭಿಪ್ರಾಯ.

ವಿಮಾನದ ಮೇಲೆ ನಮ್ಮ ಮಕ್ಕಳಿಗಿರುವ ಮೋಹ ಸಹಜವಾದದ್ದು. ಈ ನಗರದ ಕನ್ನಡ ಮನೆತನಗಳಲ್ಲಿ ಅನೇಕವು ಬೀದರ, ಕಲಬುರಗಿ, ರಾಯಚೂರು ಕಡೆಯವು. 1956ರ ನವೆಂಬರ್ 1ರವರೆಗೆ ಆ ಜಿಲ್ಲೆಗಳೂ ಈ ನಗರವೂ ಒಂದೇ ರಾಜ್ಯದಲ್ಲಿದ್ದುವು. ರಜೆಯಲ್ಲಿ ಅಜ್ಜನ ಊರಾದ ಬೀದರಿಗೆ ಹೋದ ಹುಡುಗನು ಮಾಳಿಗೆಯ ಮೇಲಿಂದ ವಾಯುಪಡೆಯ ವಿಮಾನಗಳನ್ನು ನೋಡಿಯೇ ಬರುತ್ತಾನೆ. ‘ಸೂರ್ಯಕಿರಣ’ ತಂಡವು 1996ರಲ್ಲಿ ಹುಟ್ಟಿದ್ದು ಆ ಊರಿನಲ್ಲಿಯೇ. 2011ರಲ್ಲಿ ಪ್ರದರ್ಶನ ನಿಲ್ಲಿಸಿದ ಅದು ಮುಂದೆ ಹಾಕ್ ವಿಮಾನಗಳೊಡನೆ ಮರಳಿ ಬಂದಿತು. ಇತ್ತ ಹೈದರಾಬಾದಿಗೂ ತನ್ನದೇ ಆದ ವಿಮಾನದ ಇತಿಹಾಸವುಂಟು. ನಿಜಾಮರ ಸರ್ಕಾರದ ಕಾಲದಲ್ಲಿ, 1945ರಲ್ಲಿ, ಸ್ಥಾಪಿತವಾದ ಡೆಕ್ಕನ್ ಏರ್‌ವೇಸ್ 1953ರ ರಾಷ್ಟ್ರೀಕರಣದವರೆಗೆ ಬೇಗಂಪೇಟೆಯನ್ನೇ ನೆಲೆಯಾಗಿ ಹೊಂದಿತ್ತು. 2008ರಲ್ಲಿ ಪ್ರಯಾಣಿಕರ ವಿಮಾನಗಳು ಶಂಷಾಬಾದಿಗೆ ಹೋದ ಮೇಲೂ ಬೇಗಂಪೇಟೆಯ ಆಕರ್ಷಣೆ ಮುಗಿಯಲಿಲ್ಲ. 2022, 2024ರ ‘ವಿಂಗ್ಸ್ ಇಂಡಿಯಾ’ ಪ್ರದರ್ಶನಗಳು ನಡೆದದ್ದು ಅಲ್ಲಿಯೇ. ಇಷ್ಟೆಲ್ಲ ನೋಡಿದ ಮಗುವಿಗೆ ವಿಮಾನ ಬೇಡವೆನ್ನುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ.

ಆದರೆ ಯಾವ ವಯಸ್ಸಿನ ಮಗುವಿಗೆ ಯಾವ ವಿಮಾನ? ಮೂರು ವರ್ಷ ತುಂಬದ ಮಗುವಿಗೆ ಹಾರುವ ವಿಮಾನವೇ ಬೇಡ. ಆ ವಯಸ್ಸಿನಲ್ಲಿ ಮಗು ವಸ್ತುವನ್ನು ಅರಿಯುವುದು ಬಾಯಿಯಿಂದ. ಅದಕ್ಕೆ ನೆಲದ ಮೇಲೆ ನೂಕುವ, ಚಕ್ರ ಕಳಚದ ಮರದ ವಿಮಾನವೇ ಸರಿ. ಇದಕ್ಕೆ ನಮ್ಮ ಚನ್ನಪಟ್ಟಣವನ್ನು ಮೀರಿದ ಊರಿಲ್ಲ. ಹಾಲೆ ಮರವನ್ನು ಚರಕಿಯಲ್ಲಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ, ಅಂಚುಗಳೆಲ್ಲ ದುಂಡಗಾಗುತ್ತವೆ. ಕೊಪ್ಪಳದ ಕಿನ್ನಾಳ, ತೆಲಂಗಾಣದ ನಿರ್ಮಲ್ ಎರಡೂ ಗೊಂಬೆಗಳಿಗೆ ಹೆಸರಾದ ಊರುಗಳೇ. ಆದರೆ ಅಲ್ಲಿಯ ಬಣ್ಣದ ಕೆಲಸ ನೋಡಿ ಆನಂದಿಸುವುದಕ್ಕೆ ಹೆಚ್ಚು ಹೊಂದುತ್ತದೆ, ಕೂಸಿನ ಬಾಯಿಗೆ ಅಷ್ಟಾಗಿ ಅಲ್ಲ.

ಸಣ್ಣ ಮಗುವಿನ ಆಟಿಕೆಯಲ್ಲಿ ಬಿಡಿಭಾಗವೊಂದು ಕಳಚಿಬಂದರೆ ಅದು ಗಂಟಲಿಗೆ ಸಿಕ್ಕುವಷ್ಟು ಚಿಕ್ಕದೇ ಎಂಬುದನ್ನು ಪರೀಕ್ಷಿಸಲು ಪ್ರಯೋಗಶಾಲೆಗಳಲ್ಲಿ 31.7 ಮಿಲಿಮೀಟರ್ ವ್ಯಾಸದ ಒಂದು ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿ ಅಡಗಿ ಕೂರುವ ಯಾವ ಭಾಗವೂ ಮೂರು ವರ್ಷದೊಳಗಿನ ಮಗುವಿಗೆ ಅಪಾಯಕಾರಿ. ಮನೆಯಲ್ಲಿ ಆ ಕೊಳವೆ ಇರುವುದಿಲ್ಲ. ಒಂದೂಕಾಲು ಅಂಗುಲ ಅಗಲದ ಉಂಗುರವನ್ನು ಕಾಗದದಲ್ಲಿ ಮಾಡಿಕೊಂಡರೆ ಅಂದಾಜು ಸಿಕ್ಕುತ್ತದೆ. ಚಕ್ರ, ಪೈಲಟ್ ಗೊಂಬೆ, ರಬ್ಬರಿನ ಮೂಗು ಇವುಗಳನ್ನು ಕೊಳ್ಳುವ ಮುನ್ನ ಸ್ವಲ್ಪ ಬಲವಾಗಿಯೇ ಎಳೆದು ನೋಡಬೇಕು. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಇದಕ್ಕಿಂತಲೂ ಭಯಂಕರವಾದದ್ದು ಗುಂಡಿಯಾಕಾರದ ಚಿಕ್ಕ ವಿದ್ಯುತ್ಕೋಶ. ದೀಪ ಮಿನುಗುವ, ಸದ್ದು ಮಾಡುವ ಅಗ್ಗದ ವಿಮಾನಗಳಲ್ಲಿ ಇದು ಇರುತ್ತದೆ. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಒದ್ದೆಯಾದ ಒಳಚರ್ಮದ ಮೂಲಕ ವಿದ್ಯುತ್ತು ಹರಿದು ಕೋಶದ ಋಣಭಾಗದ ಬಳಿ ಕಾಸ್ಟಿಕ್ ಸೋಡಾದಂತಹ ತೀವ್ರ ಕ್ಷಾರ ಹುಟ್ಟುತ್ತದೆ. ಎರಡು ಗಂಟೆಗಳೊಳಗೆ ಮಾಂಸವನ್ನು ಸುಡುವ ಶಕ್ತಿ ಅದಕ್ಕುಂಟು. ಹೊರಗೆ ರಕ್ತವಿಲ್ಲ, ಗಾಯವಿಲ್ಲ. ಮಗು ಜೊಲ್ಲು ಸುರಿಸಬಹುದು, ಊಟ ಬೇಡವೆನ್ನಬಹುದು, ಅಷ್ಟೆ. ‘ನಾಳೆ ಮಲದಲ್ಲಿ ಹೋದೀತು’ ಎಂದು ಕಾಯುವ ವಸ್ತು ಇದಲ್ಲ. ನುಂಗಿದ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ತತ್‌ಕ್ಷಣವೇ ದೊಡ್ಡ ಆಸ್ಪತ್ರೆಗೆ ಒಯ್ದು ಎಕ್ಸ್‌ರೇ ತೆಗೆಸಬೇಕು. ಕೋಶದ ಮುಚ್ಚಳವು ಸ್ಕ್ರೂನಿಂದ ಭದ್ರವಾಗಿರದ ಆಟಿಕೆಯನ್ನು ಚಿಕ್ಕ ಮಕ್ಕಳಿರುವ ಮನೆಗೆ ತರಲೇಬಾರದು. ಅಣ್ಣನಿಗೆಂದು ತಂದದ್ದು ತಮ್ಮನ ಕೈಗೆ ಬರುವುದು ಎಷ್ಟು ಹೊತ್ತಿನ ಮಾತು!

ನಾಲ್ಕೈದು ವರ್ಷ ದಾಟಿದ ಮಗುವಿಗೆ ಕೈಯಿಂದ ಎಸೆಯುವ ಮೃದುವಾದ ಫೋಮ್ ವಿಮಾನ ಯೋಗ್ಯ. ಮೂಗನ್ನು ನಿಮ್ಮ ಅಂಗೈಗೆ ಒತ್ತಿ ನೋಡಿರಿ. ಅದು ಬಾಗಬೇಕು, ನೋಯಿಸಬಾರದು. ಬಿಳಿಯ ಥರ್ಮಾಕೋಲಿನದಾದರೆ ಎರಡನೆಯ ದಿನವೇ ಮುರಿದು ಕಾಳುಕಾಳಾಗಿ ಉದುರುತ್ತದೆ. ಬಾಗಿ ಮತ್ತೆ ನೆಟ್ಟಗಾಗುವ ಫೋಮ್ ಬೆಲೆ ತುಸು ಹೆಚ್ಚಾದರೂ ಮೇಲು. ಪಿಸ್ತೂಲಿನಿಂದ ಚಿಮ್ಮುವ ಬಗೆಯನ್ನು ಮಾತ್ರ ನಾವು ಮೆಚ್ಚಲಾರೆವು. ಕೈಯಿಂದ ಎಸೆಯುವಾಗ ವೇಗಕ್ಕೆ ಮಗುವಿನ ತೋಳೇ ಮಿತಿ. ಇಲ್ಲಿ ಸ್ಪ್ರಿಂಗು ಆ ಮಿತಿಯನ್ನು ಮೀರಿಸುತ್ತದೆ. ಮೇಲಾಗಿ ಕೈಗೆ ಪಿಸ್ತೂಲು ಬಂದ ಮಗು ಗುರಿ ಇಡುವುದು ಆಕಾಶಕ್ಕಲ್ಲ, ಗೆಳೆಯನ ಮುಖಕ್ಕೆ.

ಇಲ್ಲಿ ಕಾನೂನಿನ ಮಾತೊಂದನ್ನು ಹೇಳಬೇಕು. 2021ರ ಜನವರಿ 1ರಿಂದ ಭಾರತದಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ, ವಿದ್ಯುತ್ತಿನವಲ್ಲದ ಆಟಿಕೆಗೆ ಐ.ಎಸ್. 9873, ವಿದ್ಯುತ್ತಿನದಕ್ಕೆ ಐ.ಎಸ್. 15644 ಎಂಬ ಸಂಖ್ಯೆಗಳು. ನೋಂದಾಯಿತ ಕುಶಲಕರ್ಮಿಗಳು ಮಾಡಿದ ಕೈಕೆಲಸದ ಆಟಿಕೆಗಳಿಗೂ ಭೌಗೋಳಿಕ ಸೂಚಿ ಪಡೆದ ಅಧಿಕೃತ ಆಟಿಕೆಗಳಿಗೂ ಇದರಿಂದ ವಿನಾಯಿತಿಯುಂಟು. ಆದಕಾರಣ ಚನ್ನಪಟ್ಟಣದ ಮರದ ವಿಮಾನದ ಮೇಲೆ ಈ ಗುರುತು ಕಾಣದಿದ್ದರೆ ಸಂಶಯಪಡಬೇಕಾದ್ದಿಲ್ಲ. ಬೇಗಂ ಬಜಾರಿನ ಗೋಣಿಯಿಂದ ಹೊರಬಂದ ಪ್ಲಾಸ್ಟಿಕ್ ಹೆಲಿಕಾಪ್ಟರಿನ ಮೇಲೆ ಕಾಣದಿದ್ದರೆ ಅವಶ್ಯವಾಗಿ ಪಡಬೇಕು.

ಎಂಟು ವರ್ಷ ದಾಟಿದ ಹುಡುಗ ಹುಡುಗಿಯರಿಗೆ ನಾವು ಎಲ್ಲಕ್ಕಿಂತ ಹೆಚ್ಚಾಗಿ ಶಿಫಾರಸು ಮಾಡುವುದು ರಬ್ಬರು ಸುತ್ತಿ ಬಿಡುವ ಹಗುರವಾದ ವಿಮಾನವನ್ನು. ಇದಕ್ಕೆ ಘನವಾದ ವಂಶಾವಳಿಯಿದೆ. ಫ್ರಾನ್ಸಿನ ಆಲ್ಫೋನ್ಸ್ ಪೆನೋ ಎಂಬ ತರುಣನು 1871ರ ಆಗಸ್ಟಿನಲ್ಲಿ ಪ್ಯಾರಿಸಿನ ತ್ವಿಲರೀ ಉದ್ಯಾನದಲ್ಲಿ ಇಂತಹ ರಬ್ಬರಿನ ವಿಮಾನವನ್ನು ಹನ್ನೊಂದು ಸೆಕೆಂಡುಗಳ ಕಾಲ, ಸುಮಾರು ನಲವತ್ತು ಮೀಟರು ದೂರ ಹಾರಿಸಿದನು. ಆತನದೇ ಮಾದರಿಯ, ಬಿದಿರು ಬೆಂಡು ಕಾಗದಗಳಿಂದಾದ ಆಟದ ಹೆಲಿಕಾಪ್ಟರೊಂದನ್ನು 1878ರಲ್ಲಿ ಅಮೆರಿಕದ ತಂದೆಯೊಬ್ಬನು ತನ್ನ ಇಬ್ಬರು ಮಕ್ಕಳಿಗೆ ತಂದುಕೊಟ್ಟನು. ಒಬ್ಬನಿಗೆ ಹನ್ನೊಂದು ವರ್ಷ, ಇನ್ನೊಬ್ಬನಿಗೆ ಏಳು. ಅದು ಮುರಿದ ಮೇಲೆ ಅವರು ತಾವೇ ಅಂತಹವನ್ನು ಮಾಡತೊಡಗಿದರು. ವಿಲ್ಬರ್ ಮತ್ತು ಆರ್ವಿಲ್ ರೈಟ್ ಎಂದರೆ ವಾಚಕರಿಗೆ ಬೇರೆ ಪರಿಚಯ ಬೇಡ. ಈ ವಿಮಾನದಲ್ಲಿ ಜೋಕೆಯಾಗಿರಬೇಕಾದ ಭಾಗ ಮುಂದಿನ ಪಂಖವೊಂದೇ: ರಬ್ಬರನ್ನು ಸುತ್ತುವಾಗ ಮುಖವನ್ನು ಹತ್ತಿರ ತರಬಾರದು, ಉದ್ದ ಕೂದಲನ್ನು ಕಟ್ಟಿಕೊಳ್ಳಬೇಕು, ಬಿರುಕು ಬಿಟ್ಟ ರಬ್ಬರನ್ನು ಎಸೆದುಬಿಡಬೇಕು.

ವಿದ್ಯುತ್ಕೋಶದ ಹೆಲಿಕಾಪ್ಟರು, ಡ್ರೋನುಗಳ ವಿಷಯ ಬೇರೆ. ಅವುಗಳ ರೆಕ್ಕೆ ಬೆರಳನ್ನೂ ಕಣ್ಣನ್ನೂ ಗಾಯಗೊಳಿಸಬಲ್ಲದು. ಸುತ್ತಲೂ ಬಳೆಯಂತಹ ಕಾಪು ಇಲ್ಲದ್ದನ್ನು ಕೊಳ್ಳಬಾರದು. ಅವುಗಳೊಳಗಿನ ಲಿಥಿಯಂ ಕೋಶವನ್ನು ರಾತ್ರಿಯೆಲ್ಲ ಚಾರ್ಜಿಗೆ ಹಾಕಿ ಮಲಗುವುದು, ಹಾಸಿಗೆಯ ಮೇಲೆ ಚಾರ್ಜು ಮಾಡುವುದು, ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಕಾರಿನೊಳಗೆ ಬಿಟ್ಟು ಹೋಗುವುದು, ಇವು ಬೆಂಕಿಯನ್ನು ಮನೆಗೆ ಕರೆಯುವ ಕೆಲಸಗಳು. ಹಾರಿಸಿದ ಕೂಡಲೇ ಬಿಸಿಯಾಗಿರುವ ಕೋಶವನ್ನು ಆರಲು ಬಿಟ್ಟು ಆಮೇಲೆ ಚಾರ್ಜು ಮಾಡಬೇಕು. ಉಬ್ಬಿದ ಕೋಶವನ್ನು ಮತ್ತೆ ಬಳಸಲೇಬಾರದು. ಇನ್ನು 2021ರ ಡ್ರೋನ್ ನಿಯಮಗಳು. 250 ಗ್ರಾಂವರೆಗಿನ ಪುಟ್ಟ ಡ್ರೋನನ್ನು ನಡೆಸಲು ಚಾಲಕನ ಪರವಾನಗಿ ಬೇಡ, ನಿಜ. ಹಾಗೆಂದು ಎಲ್ಲಿ ಬೇಕಾದರೂ ಹಾರಿಸಬಹುದೆಂದು ಅರ್ಥವಲ್ಲ. ವಿಮಾನ ನಿಲ್ದಾಣದ ಆವರಣದಿಂದ ಎಂಟು ಕಿಲೋಮೀಟರಿನೊಳಗೆ ನೆಲಮಟ್ಟದಿಂದಲೇ ಅನುಮತಿ ಬೇಕು. ಬೇಗಂಪೇಟೆ, ಹಕೀಂಪೇಟೆ, ದುಂಡಿಗಲ್, ಶಂಷಾಬಾದುಗಳನ್ನು ನಕ್ಷೆಯಲ್ಲಿ ಗುರುತಿಸಿ ಸುತ್ತಲೂ ವೃತ್ತ ಎಳೆದರೆ ಈ ನಗರದಲ್ಲಿ ಮಿಕ್ಕುವ ಆಕಾಶ ಎಷ್ಟೆಂಬುದು ತಿಳಿಯುತ್ತದೆ. ಹನ್ನೆರಡು ವರ್ಷದ ಹುಡುಗನಿಗೆ ಡ್ರೋನು ಕೊಡಿಸುವ ಉತ್ಸಾಹದಲ್ಲಿರುವ ತಂದೆಯು ಮೊದಲು ಸರ್ಕಾರದ ಡ್ರೋನ್ ನಕ್ಷೆಯಲ್ಲಿ ತನ್ನ ಬೀದಿಯನ್ನು ಹುಡುಕಲಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕಾಚಿಗುಡದಲ್ಲಿ, ನಮ್ಮ ಕರ್ನಾಟಕ ಸಾಹಿತ್ಯ ಮಂದಿರದ ಆಸುಪಾಸಿನ ಗಲ್ಲಿಗಳಲ್ಲಿ, ಮನೆಗಳು ಒಂದಕ್ಕೊಂದು ಹೆಗಲುಕೊಟ್ಟು ನಿಂತಿವೆ, ಅಂಗಳವೆಂಬುದಿಲ್ಲ. ಆದ್ದರಿಂದ ಹೊಸ ವಿಮಾನವನ್ನು ಹಿಡಿದ ಹುಡುಗನು ಓಡುವುದು ನೇರವಾಗಿ ಮಾಳಿಗೆಗೆ. ತಾಯಿಗೂ ಸಮಾಧಾನ: ಬೀದಿಯಲ್ಲಿ ಮೋಟಾರುಗಳ ನಡುವೆ ಆಡುವುದಕ್ಕಿಂತ ಮೇಲೆ ಆಡುವುದು ವಾಸಿಯಲ್ಲವೇ? ಅಲ್ಲ. ಲೆಕ್ಕ ಹಾಕಿ ನೋಡಿರಿ. ಫೋಮ್ ವಿಮಾನವೊಂದು ಒಂದು ಮೀಟರು ಇಳಿಯುವುದರೊಳಗೆ ನಾಲ್ಕು ಮೀಟರು ಮುಂದೆ ತೇಲುತ್ತದೆಂದು ಇಟ್ಟುಕೊಳ್ಳೋಣ. ಮೈದಾನದಲ್ಲಿ ನಿಂತ ಮಗುವಿನ ಕೈಯಿಂದ, ಎಂದರೆ ಒಂದೂಕಾಲು ಮೀಟರು ಎತ್ತರದಿಂದ, ಮೆಲ್ಲಗೆ ಬಿಟ್ಟರೆ ಅದು ಐದು ಮೀಟರಿನಲ್ಲಿ ನೆಲ ಮುಟ್ಟುತ್ತದೆ. ಮೂರಂತಸ್ತಿನ ಮಾಳಿಗೆ ಹತ್ತು ಮೀಟರು ಎತ್ತರ. ಅಲ್ಲಿಂದ ಹೊರಟ ಅದೇ ವಿಮಾನ ನಲವತ್ತು ಮೀಟರಿಗಿಂತಲೂ ಆಚೆ ಹೋಗುತ್ತದೆ. ನಲವತ್ತು ಮೀಟರಿನೊಳಗೆ ನಮ್ಮ ಗಲ್ಲಿಗಳಲ್ಲಿ ಏನೇನಿಲ್ಲ? ಪಕ್ಕದ ಮನೆಯ ತಗಡಿನ ಛಾವಣಿ, ವಿದ್ಯುತ್ತಿನ ತಂತಿ, ಬೀದಿಯಲ್ಲಿ ಬರುತ್ತಿರುವ ಮೋಟಾರು ಸೈಕಲಿನವನ ಮುಖ, ಕೆಲವರ ಮನೆಗಳ ಹಿಂದೆ ರೈಲುಹಳಿ.

ಇಷ್ಟಾದರೂ ವಿಮಾನ ಬಿದ್ದ ಮಾತ್ರಕ್ಕೆ ಮಗುವಿಗೆ ಏನೂ ಆಗುವುದಿಲ್ಲ. ಆಗುವುದು ಅದನ್ನು ತರಹೋದಾಗ. ಹುಡುಗನ ದೃಷ್ಟಿ ಹಾರುವ ವಸ್ತುವಿನ ಮೇಲೆ ನೆಟ್ಟಿರುವುದರಿಂದ ಕಾಲು ಎಲ್ಲಿದೆಯೆಂಬುದು ಅವನಿಗೆ ತಿಳಿಯುವುದಿಲ್ಲ. ಅವನು ಹಿಂದುಹಿಂದಕ್ಕೆ ಸರಿಯುತ್ತಾನೆ. ಹಳೆಯ ಮನೆಗಳ ಅಂಚಿನ ಗೋಡೆ ಅವನ ಮೊಣಕಾಲಿಗೆ ಬರುತ್ತದೆ. ಅಥವಾ ವಿಮಾನ ಪಕ್ಕದ ಛಾವಣಿಯ ಮೇಲೆ, ಕೈಗೆ ಎಟುಕುವುದಕ್ಕೆ ಒಂದೇ ಗೇಣು ದೂರದಲ್ಲಿ, ಕುಳಿತಿರುತ್ತದೆ. ದೂರದಲ್ಲಿ ಬಿದ್ದದ್ದನ್ನು ಮಗು ಬಿಟ್ಟುಬಿಡುತ್ತದೆ. ಒಂದು ಗೇಣು ದೂರದಲ್ಲಿರುವುದನ್ನು ಬಿಡಲಾರದು. ಎರಡು ಮನೆಗಳ ನಡುವಿನ ಸಂದನ್ನು ಜಿಗಿಯುವುದು, ಅಂಚಿನ ಗೋಡೆಯನ್ನೇರುವುದು, ನೀರಿನ ಕೊಳವೆಯನ್ನು ಹಿಡಿದು ಇಳಿಯುವುದು ಎಲ್ಲವೂ ಆ ಒಂದು ಗೇಣಿಗಾಗಿ.

ತಂತಿಯ ಮೇಲೆ ಸಿಕ್ಕಿದ ವಿಮಾನವನ್ನು ಕೋಲಿನಿಂದ ಕೆಡಹುವ ಯತ್ನವಂತೂ ಇನ್ನೂ ಅಪಾಯಕರ. ಹಸಿಯ ಬಿದಿರಿನಲ್ಲಿಯೂ ವಿದ್ಯುತ್ತು ಹರಿಯುತ್ತದೆ. ಬಟ್ಟೆ ಒಣಗಿಸುವ ಉಕ್ಕಿನ ಕೊಳವೆಯ ಮಾತು ಹೇಳಬೇಕಾದ್ದೇ ಇಲ್ಲ. ದುಬಾರಿ ವಿಮಾನವಾದರೆ 1912 ಎಂಬ ಸಂಖ್ಯೆಗೆ ಕರೆಮಾಡಿ ವಿದ್ಯುತ್ ಇಲಾಖೆಯವರಿಗೆ ತಿಳಿಸಿರಿ, ಇಲ್ಲವಾದರೆ ಅದನ್ನು ಮರೆತುಬಿಡಿರಿ. ರೈಲುಮಾರ್ಗದ ಮೇಲಿನ ತಂತಿಯಲ್ಲಿರುವುದು 25,000 ವೋಲ್ಟ್. ಅದನ್ನು ಮುಟ್ಟಬೇಕೆಂದೇ ಇಲ್ಲ. ಕೋಲು ಹತ್ತಿರ ಹೋದರೂ ಕಿಡಿ ಹಾರಿ ಮೈಗೆ ಬರಬಹುದು. ಹಳಿಯ ಬದಿಗೆ ಬಿದ್ದ ವಿಮಾನ ಹೋಯಿತೆಂದೇ ತಿಳಿಯತಕ್ಕದ್ದು.

ಜನವರಿಯಲ್ಲಿ ಇದಕ್ಕೆ ಮತ್ತೊಂದು ಸೇರುತ್ತದೆ. ನುಮಾಯಿಷಿನಲ್ಲಿ ಕೊಂಡ ವಿಮಾನವು ಮಾಳಿಗೆಗೆ ಬರುವ ಕಾಲವೂ ಸಂಕ್ರಾಂತಿಯ ಪತಂಗಗಳು ಮೇಲೇರುವ ಕಾಲವೂ ಒಂದೇ. ನೈಲಾನಿನ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2017ರ ಜುಲೈಯಲ್ಲಿ ದೇಶದಾದ್ಯಂತ ನಿಷೇಧಿಸಿತು. ಆದರೂ ಅದು ಕದ್ದು ಮಾರಾಟವಾಗುತ್ತಲೇ ಬಂದಿದೆ. 2024ರ ಸಂಕ್ರಾಂತಿಯ ಹೊತ್ತಿನಲ್ಲಿ ಲಂಗರ್‌ಹೌಸ್ ಪ್ರದೇಶದ ಮೇಲ್ಸೇತುವೆಯ ಮೇಲೆ ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ಸೈನಿಕನೊಬ್ಬನ ಕೊರಳನ್ನು ಈ ದಾರ ಕೊಯ್ದು ಆತನು ಮೃತನಾದುದನ್ನು ಈ ನಗರ ಮರೆತಿರಲಾರದು. ಹಬ್ಬ ಕಳೆದ ಮೇಲೂ ವಾರಗಟ್ಟಲೆ ಆ ದಾರಗಳು ಮಾಳಿಗೆ, ಮರ, ಕಂಬಗಳಿಂದ ಇಳಿಬಿದ್ದಿರುತ್ತವೆ. ವಿಮಾನದ ಹಿಂದೆ ಓಡುವ ಮಗುವಿನ ಕೊರಳ ಮಟ್ಟದಲ್ಲಿ ಅವು ಕಣ್ಣಿಗೆ ಕಾಣುವುದಿಲ್ಲ. ದಾರದಲ್ಲಿ ಲೋಹದ ಪುಡಿ ಬೆರೆತಿದ್ದು ತಂತಿಗೆ ತಗುಲಿದ್ದರೆ ಅದೇ ಒಂದು ವಿದ್ಯುತ್ತಿನ ಹಾದಿ.

ಆದಕಾರಣ ನಮ್ಮ ಸಲಹೆ ಒರಟಾಗಿ ತೋರಿದರೂ ಸ್ಪಷ್ಟವಾದದ್ದು: ಎಸೆಯುವ ಯಾವ ವಿಮಾನವೂ ಮಾಳಿಗೆಯ ಮೆಟ್ಟಿಲೇರಬಾರದು. ಮೈದಾನಕ್ಕೆ ಹೋಗುವ ಪುರುಸೊತ್ತು ಮನೆಯಲ್ಲಿ ಯಾರಿಗೂ ಇಲ್ಲವಾದರೆ ದೊಡ್ಡ ವಿಮಾನವನ್ನು ಕೊಳ್ಳಲೇಬೇಡಿರಿ. ಅಂತಹ ಮನೆಗೆ ಪಡಸಾಲೆಯಲ್ಲಿಯೇ ಹಾರುವ ಕಾಗದದ ವಿಮಾನ ಸಾಕು, ಅದರಲ್ಲಿ ಸುಖವೇನೂ ಕಡಿಮೆಯಿಲ್ಲ. ಭಾನುವಾರ ಒಂದು ಗಂಟೆ ಬಿಡುವಾಗುವ ತಂದೆಗೆ, ಚಿಕ್ಕಪ್ಪನಿಗೆ, ಸೋದರಮಾವನಿಗೆ ಮಾತ್ರ ಫೋಮಿನದು, ರಬ್ಬರಿನದು. ಮಕ್ಕಳಿಗೆ ತೆರೆದಿರುವ ಶಾಲೆಯ ಬಯಲೋ ಬಡಾವಣೆಯ ಆಟದ ಮೈದಾನವೋ ಆದರೆ ಸರಿ. ಸುತ್ತ ಮೂವತ್ತು ನಲವತ್ತು ಮೀಟರು ತಂತಿ, ರಸ್ತೆ, ನೀರು ಇರಬಾರದೆಂಬುದೊಂದೇ ನಿಬಂಧನೆ. ಹುಸೇನ್ ಸಾಗರದ ದಂಡೆ ಸೊಗಸಾದ ಜಾಗವೇನೋ ಹೌದು, ವಿಮಾನಕ್ಕಲ್ಲ.

ಹೊತ್ತು ಬೆಳಗಿನದಾಗಿರಲಿ, ಗಾಳಿ ಏಳುವ ಮುನ್ನ. ಜೂನ್, ಜುಲೈ ತಿಂಗಳ ಮುಂಗಾರು ಗಾಳಿ ಫೋಮನ್ನು ಎತ್ತಿ ಎಲ್ಲಿಗೋ ಒಯ್ಯುತ್ತದೆ. ಆಗ ಅದನ್ನು ಕಪಾಟಿನಲ್ಲಿಡಿರಿ. ಒಂದು ಚಿಟಿಕೆ ಒಣಹುಲ್ಲನ್ನು ಮೇಲಿಂದ ಬಿಟ್ಟು ಗಾಳಿಯ ದಿಕ್ಕನ್ನು ಮಗುವಿಗೇ ಕಂಡುಕೊಳ್ಳಲು ಹೇಳಿ, ಗಾಳಿಗೆ ಎದುರಾಗಿ ಎಸೆಯಲು ಕಲಿಸಬೇಕು. ಹಾಗೆ ಎಸೆದದ್ದು ನಿಧಾನವಾಗಿ, ಹತ್ತಿರದಲ್ಲಿಯೇ ಇಳಿಯುತ್ತದೆ. ಸೂರ್ಯನಿಗೆ ಎದುರಾಗಿ ಮಾತ್ರ ಬೇಡ, ಕಣ್ಣು ಕುಕ್ಕಿ ಇಳಿಯುವ ವಿಮಾನ ಮುಖಕ್ಕೇ ಬಂದೀತು. ಎಸೆಯುವವನ ಮುಂದೆ ಯಾರೂ ನಿಲ್ಲಬಾರದು, ಒಂದು ವಿಮಾನ ನೆಲ ಮುಟ್ಟಿದ ಮೇಲೆ ಇನ್ನೊಂದು ಹೊರಡಬೇಕು. ಮಕ್ಕಳು ನಾಲ್ಕೈದು ಮಂದಿ ಇದ್ದರೆ ಒಬ್ಬನನ್ನು ‘ನಿಲ್ದಾಣದ ಅಧಿಕಾರಿ’ಯನ್ನಾಗಿ ಮಾಡಿರಿ, ಅವನ ಅಪ್ಪಣೆಯಿಲ್ಲದೆ ವಿಮಾನ ಹಾರಕೂಡದು. ದೊಡ್ಡವರ ಬುದ್ಧಿವಾದಕ್ಕಿಂತ ಹೆಚ್ಚಾಗಿ ಈ ಪದವಿ ಕೆಲಸ ಮಾಡುತ್ತದೆ.

ಜಾಗ್ರತೆಯಿಂದಿದ್ದರೂ ಒಮ್ಮೊಮ್ಮೆ ಮೂಗು ಕಣ್ಣಿಗೆ ತಗುಲುವುದುಂಟು. ಆಗ ಕಣ್ಣನ್ನು ಉಜ್ಜಗೊಡಬಾರದು, ಒತ್ತಿ ಕಟ್ಟಬಾರದು, ಮನೆಯಲ್ಲಿರುವ ಯಾವುದೋ ತೊಟ್ಟಿನ ಮದ್ದನ್ನು ಹಾಕಬಾರದು. ಏನಾದರೂ ಚುಚ್ಚಿಕೊಂಡಿದ್ದರೆ ಅದನ್ನು ಕೀಳದೆ, ನೀರಿನಿಂದ ತೊಳೆಯದೆ, ಕಾಗದದ ಬಟ್ಟಲನ್ನು ಕಣ್ಣಿಗೆ ಒತ್ತದಂತೆ ಮೇಲೆ ಮುಚ್ಚಿ ನೇತ್ರ ವೈದ್ಯರಲ್ಲಿಗೆ ಒಯ್ಯಬೇಕು. ಮೆಹದಿಪಟ್ಟಣದ ಸರೋಜಿನಿ ದೇವಿ ಆಸ್ಪತ್ರೆ, ಬಂಜಾರಾ ಹಿಲ್ಸಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಗಳಿರುವ ಈ ನಗರದಲ್ಲಿ ‘ನೋವು ಇಳಿದಿದೆ, ನಾಳೆ ನೋಡೋಣ’ ಎಂದು ಕೂರುವುದಕ್ಕೆ ಕಾರಣವೇ ಇಲ್ಲ.

ಪಡಸಾಲೆಯ ಕಾಗದದ ವಿಮಾನಕ್ಕೆ ಒಂದೆರಡು ಮಾತು ಉಳಿದಿವೆ. ಅದರ ಚೂಪು ಮೂಗನ್ನು ಒಂದು ಬೆರಳಗಲ ಒಳಕ್ಕೆ ಮಡಚಿಬಿಡಿರಿ. ತುದಿ ಮೊಂಡಾಗುತ್ತದೆ, ಮುಂಭಾಗಕ್ಕೆ ಬೇಕಾದ ಭಾರವೂ ಸಿಕ್ಕುತ್ತದೆ. ಭಾರಕ್ಕೆಂದು ತಂತಿಯ ಕ್ಲಿಪ್ಪನ್ನು ಸಿಕ್ಕಿಸುವ ರೂಢಿಯನ್ನು ಬಿಡಬೇಕು. ವಿಮಾನವು ಮೇಲಕ್ಕೆದ್ದು ತಡೆದು ನಿಂತು ಧೊಪ್ಪನೆ ಬಿದ್ದರೆ ಮೂಗು ಹಗುರವಾಯಿತೆಂದು ಅರ್ಥ, ಮಡಿಕೆಯೊಳಗೆ ಕಾಗದದ ಚೂರೊಂದನ್ನು ಸೇರಿಸಿರಿ. ನೇರವಾಗಿ ನೆಲಕ್ಕೆ ಮುಗ್ಗರಿಸಿದರೆ ರೆಕ್ಕೆಗಳ ಹಿಂದಿನ ಅಂಚನ್ನು ಕೂದಲೆಳೆಯಷ್ಟು ಮೇಲಕ್ಕೆ ಬಾಗಿಸಿರಿ. ಎಡಕ್ಕೋ ಬಲಕ್ಕೋ ತಿರುಗಿದರೆ ಎರಡು ರೆಕ್ಕೆಗಳನ್ನೂ ಕಣ್ಣಮಟ್ಟಕ್ಕೆ ಹಿಡಿದು ಹಿಂದಿನಿಂದ ನೋಡಿರಿ, ಒಂದು ಇನ್ನೊಂದಕ್ಕಿಂತ ತಗ್ಗಿರುತ್ತದೆ. ಒಂದು ಸಲಕ್ಕೆ ಒಂದೇ ತಿದ್ದುಪಡಿ, ಪ್ರತಿ ತಿದ್ದುಪಡಿಯ ನಂತರ ಮೂರು ಸಲ ಎಸೆತ. ಎಷ್ಟು ಹೆಜ್ಜೆ ಹೋಯಿತೆಂಬುದನ್ನು ಮಗು ತನ್ನ ಪಾಟಿಯ ಮೇಲೆ ತಾನೇ ಬರೆದುಕೊಳ್ಳಲಿ.